ನಮ್ಮ ಫೋಟೋ, ನಮ್ಮ ಬೀಗದ ಕೈ



ಈಗ ನಮ್ಮ ಕೈಗೆ ಅಕ್ಷರ ಬಂದಿದೆ. ಫೋನೂ ಬಂದಿದೆ. ಆ ಫೋನಿನಲ್ಲಿ ನೂರಾರು ಫೋಟೋ ಇವೆ. ಮಗುವಿನ ನಾಮಕರಣದ ಫೋಟೋ ಇದೆ. ಸಂಘದ ಪಾಸ್ ಪುಸ್ತಕದ ಫೋಟೋ ಇದೆ. ಆಧಾರ್ ಕಾರ್ಡಿನ ಫೋಟೋ, ಪಹಣಿಯ ಫೋಟೋ, ಮಗಳ ಅಂಕಪಟ್ಟಿಯ ಫೋಟೋ ಕೂಡ ಇವೆ.

ಒಂದು ದಿನ ಹೊಸ ಆ್ಯಪ್ ಹಾಕಿಕೊಳ್ಳುತ್ತೇವೆ. ಆಗ ತೆರೆಯ ಮೇಲೆ ಒಂದು ಪ್ರಶ್ನೆ ಬರುತ್ತದೆ. "ನಿಮ್ಮ ಫೋಟೋಗಳನ್ನು ನೋಡಲು ಈ ಆ್ಯಪ್‌ಗೆ ಅನುಮತಿ ಕೊಡುತ್ತೀರಾ?" ಅಂತ ಕೇಳುತ್ತದೆ. ನಮ್ಮಲ್ಲಿ ಬಹಳ ಜನ ಓದದೇ "ಅಲೋ" ಒತ್ತುತ್ತೇವೆ. ಒತ್ತಿದ ಮೇಲೆ ಏನಾಗುತ್ತದೆ? ನಮ್ಮ ಫೋಟೋ ಎಲ್ಲಿದೆ? ಅದನ್ನು ಯಾರು ನೋಡಬಹುದು? ಬನ್ನಿ, ಒಂದೊಂದಾಗಿ ತಿಳಿಯೋಣ.

ಫೋಟೋ ಎಲ್ಲಿಗೆ ಹೋಗುತ್ತದೆ?

ಮನೆಯಲ್ಲಿ ಪ್ರತಿ ವಸ್ತುವಿಗೂ ಒಂದು ಜಾಗ ಇರುತ್ತದೆ. ಅಕ್ಕಿ ಡಬ್ಬಿಯಲ್ಲಿ, ಸೀರೆ ಟ್ರಂಕಿನಲ್ಲಿ, ಹಳೆಯ ಪಾತ್ರೆ ಅಟ್ಟದ ಮೇಲೆ. ಜಾಗ ಗೊತ್ತಿದ್ದರೆ ಕತ್ತಲಲ್ಲೂ ಕೈಗೆ ಸಿಗುತ್ತದೆ.

ಫೋನು ಕೂಡ ಒಂದು ಮನೆ ಇದ್ದ ಹಾಗೆ. ಅದರೊಳಗೆ ಕೋಣೆಗಳಿವೆ. ಈ ಕೋಣೆಗೆ ಫೋಲ್ಡರ್ ಅಂತ ಹೆಸರು. ಕ್ಯಾಮೆರಾದಲ್ಲಿ ತೆಗೆದ ಫೋಟೋ ಒಂದು ಕೋಣೆಗೆ ಹೋಗುತ್ತದೆ. ವಾಟ್ಸಾಪಿನಲ್ಲಿ ಬಂದ ಫೋಟೋ ಇನ್ನೊಂದು ಕೋಣೆಗೆ ಹೋಗುತ್ತದೆ. ತೆರೆಯನ್ನೇ ತೆಗೆದ ಫೋಟೋಕ್ಕೆ ಸ್ಕ್ರೀನ್‌ಶಾಟ್ ಅನ್ನುತ್ತಾರೆ. ಅದಕ್ಕೂ ಬೇರೆ ಕೋಣೆ.

ಹಾಗಾದ್ರೆ ಗ್ಯಾಲರಿ ಅಂದರೆ ಏನು? ಗ್ಯಾಲರಿ ಕೋಣೆ ಅಲ್ಲ. ಅದು ಒಂದು ಕಿಟಕಿ. ಎಲ್ಲಾ ಕೋಣೆಗಳ ಫೋಟೋಗಳನ್ನೂ ಅದು ಒಂದೇ ಕಡೆ ತೋರಿಸುತ್ತದೆ.

ಫೋಟೋಕ್ಕೂ ವಿಳಾಸ ಇದೆ

ಕಾಗದ ಬರೆದರೆ ವಿಳಾಸ ಬರೆಯುತ್ತೇವೆ. ಜಿಲ್ಲೆ, ತಾಲ್ಲೂಕು, ಊರು, ಬೀದಿ, ಮನೆ ನಂಬರು. ಫೋಟೋಕ್ಕೂ ಹಾಗೇ ವಿಳಾಸ ಇದೆ. ಆ್ಯಪ್ ಮಾಡುವವರು ಇದಕ್ಕೆ ಪಾತ್ ಅನ್ನುತ್ತಾರೆ. ಪಾತ್ ಅಂದರೆ ದಾರಿ. ಕ್ಯಾಮೆರಾ ಫೋಟೋದ ದಾರಿ ಸಾಮಾನ್ಯವಾಗಿ ಹೀಗಿರುತ್ತದೆ:

ಸ್ಟೋರೇಜ್ / ಎಮ್ಯುಲೇಟೆಡ್ / 0 / ಡಿಸಿಐಎಂ / ಕ್ಯಾಮೆರಾ

ಗಾಬರಿ ಬೇಡ. ನಿಧಾನವಾಗಿ ಓದಿ. ಸ್ಟೋರೇಜ್ ಅಂದರೆ ಉಗ್ರಾಣ. 0 ಅಂದರೆ ಈ ಫೋನಿನ ಮೊದಲನೆಯ ಬಳಕೆದಾರರು. ಒಂದೇ ಫೋನನ್ನು ಇಬ್ಬರು ಬೇರೆ ಬೇರೆಯಾಗಿ ಬಳಸುವ ವ್ಯವಸ್ಥೆ ಮಾಡಿಕೊಂಡರೆ, ಎರಡನೆಯವರಿಗೆ ಬೇರೆ ಅಂಕಿ ಬರುತ್ತದೆ. ಡಿಸಿಐಎಂ ಅಂದರೆ ಡಿಜಿಟಲ್ ಕ್ಯಾಮೆರಾ ಚಿತ್ರಗಳು. ಅದರೊಳಗೆ ಕ್ಯಾಮೆರಾ ಅನ್ನುವ ಕೋಣೆ. ಅಲ್ಲಿ ನಮ್ಮ ಫೋಟೋ.

ಫೋಟೋಕ್ಕೆ ಹೆಸರೂ ಇರುತ್ತದೆ. ಬಹಳ ಫೋನುಗಳಲ್ಲಿ ಆ ಹೆಸರಿನೊಳಗೇ ದಿನ ಮತ್ತು ಹೊತ್ತು ಇರುತ್ತದೆ. ಒಂದು ಫೋಟೋದ ಹೆಸರಿನಲ್ಲಿ 20250815 ಅಂತ ಇದೆ ಅನ್ನಿ. ಒಡೆದು ಓದಿ. 2025ನೇ ಇಸವಿ, 08 ಅಂದರೆ ಆಗಸ್ಟ್, 15ನೇ ತಾರೀಕು. ಅದರ ಮುಂದೆ 101530 ಅಂತ ಇದ್ದರೆ, ಬೆಳಿಗ್ಗೆ 10 ಗಂಟೆ, 15 ನಿಮಿಷ, 30 ಸೆಕೆಂಡು. ಅಂಕಿ ಓದಲು ಕಲಿತ ನಮಗೆ ಇದು ಕಷ್ಟವಲ್ಲ.

ಕೆಲವು ಫೋಟೋಗಳ ಒಳಗೆ ಇನ್ನೊಂದು ಗುಟ್ಟೂ ಇರುತ್ತದೆ. ಫೋಟೋ ತೆಗೆದ ಜಾಗ ಯಾವುದು ಅಂತ ಅದರೊಳಗೇ ಬರೆದಿರುತ್ತದೆ. ಕ್ಯಾಮೆರಾದ ಸೆಟ್ಟಿಂಗ್‌ನಲ್ಲಿ ಜಾಗ ಬರೆಯುವುದನ್ನು ಶುರು ಮಾಡಿದ್ದರೆ ಹೀಗಾಗುತ್ತದೆ. ಬೇಡ ಅಂದರೆ ಅಲ್ಲೇ ನಿಲ್ಲಿಸಬಹುದು.

ನಡುಮನೆ ಮತ್ತು ಟ್ರಂಕು

ಮನೆಯಲ್ಲಿ ನಡುಮನೆ ಎಲ್ಲರದು. ಟ್ರಂಕು ಮಾತ್ರ ಒಬ್ಬೊಬ್ಬರದು. ಆಂಡ್ರಾಯ್ಡ್ ಫೋನಿನಲ್ಲೂ ಈ ಎರಡು ಬಗೆಯ ಜಾಗ ಇದೆ.

ಕ್ಯಾಮೆರಾ ಫೋಟೋ ಇರುವುದು ನಡುಮನೆಯಲ್ಲಿ. ನಾವು ಒಪ್ಪಿದರೆ ಬೇರೆ ಆ್ಯಪ್‌ಗಳೂ ಅದನ್ನು ನೋಡಬಹುದು. ಇದಲ್ಲದೆ ಪ್ರತಿ ಆ್ಯಪ್‌ಗೂ ತನ್ನದೇ ಒಂದು ಟ್ರಂಕು ಇದೆ. ಈ ಆ್ಯಪಿನ ಒಳಟ್ರಂಕನ್ನು ಆ ಆ್ಯಪ್ ತೆರೆಯಲಾಗದು. ಬ್ಯಾಂಕಿನ ಆ್ಯಪ್ ತನ್ನ ಲೆಕ್ಕ ಇಟ್ಟುಕೊಳ್ಳುವುದು ಇಂಥ ಟ್ರಂಕಿನಲ್ಲಿ.

ಇಲ್ಲಿ ಒಂದು ಮಾತು ಚೆನ್ನಾಗಿ ನೆನಪಿಡಿ. ಆ್ಯಪನ್ನು ಫೋನಿನಿಂದ ತೆಗೆದುಹಾಕಿದರೆ ಅದರ ಟ್ರಂಕೂ ಹೋಗುತ್ತದೆ. ಟ್ರಂಕಿನಲ್ಲಿದ್ದ ಫೋಟೋನೂ ಹೋಗುತ್ತದೆ. ನಡುಮನೆಯಲ್ಲಿದ್ದ ಫೋಟೋ ಮಾತ್ರ ಉಳಿಯುತ್ತದೆ.

ಒಬ್ಬ ಅಕ್ಕ ಒಂದು ಆ್ಯಪಿನ ಒಳಗಿಂದಲೇ ಹಸುವಿನ ವಿಮೆಗೆ ಫೋಟೋ ತೆಗೆದಳು ಅಂತ ಇಟ್ಟುಕೊಳ್ಳಿ. ಹಸುವಿನ ಕಿವಿಯ ಓಲೆ, ಅದರ ನಂಬರು ಎಲ್ಲಾ ಆ ಫೋಟೋದಲ್ಲಿದೆ. ಜಾಗ ಸಾಲದು ಅಂತ ಆಮೇಲೆ ಆ್ಯಪ್ ತೆಗೆದುಹಾಕಿದಳು. ಆ್ಯಪ್ ಮಾಡಿದವರು ಫೋಟೋವನ್ನು ಟ್ರಂಕಿನಲ್ಲಿ ಮಾತ್ರ ಇಟ್ಟಿದ್ದರೆ ಫೋನಿನಿಂದ ಅದು ಹೋದ ಹಾಗೇ. ಆದ್ದರಿಂದ ಬೇಕಾದ ಫೋಟೋ ಗ್ಯಾಲರಿಯಲ್ಲಿ ಕಾಣುತ್ತದೆಯೇ ಅಂತ ಮೊದಲು ನೋಡಬೇಕು. ಕಾಣದಿದ್ದರೆ ಸೇವ್ ಮಾಡಿಕೊಳ್ಳಬೇಕು. ಆಮೇಲೆ ಆ್ಯಪ್ ತೆಗೆಯಬೇಕು.

ಬೀಗ ಹೇಗೆ ಬಂತು?

ಮೊದಲ ಆಂಡ್ರಾಯ್ಡ್ ಫೋನು ಮಾರಾಟಕ್ಕೆ ಬಂದದ್ದು 2008ರಲ್ಲಿ. ಆಗ ಬೀಗ ಇಷ್ಟು ಬಿಗಿ ಇರಲಿಲ್ಲ. ಆ್ಯಪ್ ಹಾಕಿಕೊಳ್ಳುವಾಗಲೇ ಒಂದು ಉದ್ದನೆ ಪಟ್ಟಿ ತೋರಿಸುತ್ತಿತ್ತು. ಎಲ್ಲಕ್ಕೂ ಒಪ್ಪಬೇಕು, ಇಲ್ಲಾಂದ್ರೆ ಆ್ಯಪೇ ಬೇಡ ಅನ್ನಬೇಕು. ನಡುವೆ ದಾರಿ ಇರಲಿಲ್ಲ.

2015ರಲ್ಲಿ ಆಂಡ್ರಾಯ್ಡ್ 6 ಬಂತು. ಅಂದಿನಿಂದ ಆ್ಯಪ್ ಕೆಲಸದ ಹೊತ್ತಿನಲ್ಲಿ ಕೇಳಬೇಕಾಯಿತು. ಒಂದಕ್ಕೆ ಹೂಂ, ಇನ್ನೊಂದಕ್ಕೆ ಊಹೂಂ ಅನ್ನುವ ಅವಕಾಶ ನಮಗೆ ಸಿಕ್ಕಿತು. ಆದರೆ ಒಂದು ತೊಂದರೆ ಉಳಿಯಿತು. ಉಗ್ರಾಣಕ್ಕೆ ಒಮ್ಮೆ ಒಪ್ಪಿದರೆ ನಡುಮನೆಯ ಎಲ್ಲಾ ಕೋಣೆಯೂ ತೆರೆದ ಹಾಗೆ. ಫೋಟೋ ಮಾತ್ರ ಅಲ್ಲ, ಅಲ್ಲಿದ್ದ ಕಾಗದ ಪತ್ರಗಳೂ ಕಾಣುತ್ತಿದ್ದವು.

2019ರಲ್ಲಿ ಆಂಡ್ರಾಯ್ಡ್ 10 ಬಂತು. 2020ರಲ್ಲಿ ಆಂಡ್ರಾಯ್ಡ್ 11 ಬಂತು. ಈ ಎರಡರಿಂದ ಕಟ್ಟುಪಾಡು ಬಿಗಿಯಾಯಿತು. ಆ್ಯಪ್ ತನ್ನ ಟ್ರಂಕಿನಲ್ಲಿ ಏನು ಬೇಕಾದರೂ ಇಡಬಹುದು. ತಾನು ತೆಗೆದ ಫೋಟೋವನ್ನು ನಡುಮನೆಗೆ ತಂದು ಇಡಬಹುದು. ಇದಕ್ಕೆ ಅಪ್ಪಣೆ ಬೇಡ. ಬೇರೆಯವರು ಇಟ್ಟ ಫೋಟೋ ನೋಡಬೇಕಾದರೆ ಮಾತ್ರ ಅಪ್ಪಣೆ ಬೇಕು.

2022ರಲ್ಲಿ ಆಂಡ್ರಾಯ್ಡ್ 13 ಬಂತು. ಫೋಟೋ, ವಿಡಿಯೋಗಳಿಗೆ ಒಂದು ಅಪ್ಪಣೆ, ಹಾಡುಗಳಿಗೆ ಇನ್ನೊಂದು ಅಪ್ಪಣೆ ಅಂತ ಬೇರೆ ಬೇರೆ ಆಯಿತು. 2023ರ ಆಂಡ್ರಾಯ್ಡ್ 14ರಲ್ಲಿ ಇನ್ನೂ ಒಳ್ಳೆಯದಾಯಿತು. ಎಲ್ಲಾ ಫೋಟೋ ಕೊಡುವುದು, ಆರಿಸಿದ ಕೆಲವನ್ನು ಮಾತ್ರ ಕೊಡುವುದು, ಯಾವುದನ್ನೂ ಕೊಡದಿರುವುದು ಅಂತ ಮೂರು ಆಯ್ಕೆ ಬಂದವು.

ನಿಮ್ಮ ಫೋನಿನಲ್ಲಿ ಯಾವ ಆಂಡ್ರಾಯ್ಡ್ ಇದೆ? ಸೆಟ್ಟಿಂಗ್ಸ್ ತೆರೆದು "ಫೋನ್ ಕುರಿತು" ಅನ್ನುವಲ್ಲಿ ನೋಡಿ. ಅಲ್ಲಿ ಅಂಕಿ ಬರೆದಿರುತ್ತದೆ.

ಪಟ್ಟಿ ಮತ್ತು ಚೀಟಿ

ಆ್ಯಪ್ ಮಾಡುವವರು ಫೋಟೋವನ್ನು ಹೇಗೆ ಹುಡುಕುತ್ತಾರೆ? ಹಿಂದೆ ಕೆಲವರು ಪೂರ್ತಿ ದಾರಿಯನ್ನೇ ಆ್ಯಪಿನಲ್ಲಿ ಬರೆದುಬಿಡುತ್ತಿದ್ದರು. ಅದರಿಂದ ತೊಂದರೆ ಆಗುತ್ತಿತ್ತು. ಎಲ್ಲಾ ಫೋನಿನಲ್ಲೂ ದಾರಿ ಒಂದೇ ಇರುವುದಿಲ್ಲ. ಮೆಮೊರಿ ಕಾರ್ಡ್ ಹಾಕಿದರೆ ಅದರ ಹೆಸರೇ ಬೇರೆ. ಬೀದಿಯ ಹೆಸರು ಬದಲಾದರೆ ಕಾಗದ ವಾಪಸ್ ಬರುವುದಿಲ್ಲವೇ? ಹಾಗೇ ಫೋಟೋ ಕಾಣದೆ ಆ್ಯಪ್ ನಿಂತುಹೋಗುತ್ತಿತ್ತು.

ಆದ್ದರಿಂದ ಫೋನು ತಾನೇ ಒಂದು ಪಟ್ಟಿ ಇಟ್ಟುಕೊಂಡಿದೆ. ಊರಿನ ಜಮೀನಿನ ಲೆಕ್ಕ ಪಹಣಿಯಲ್ಲಿ ಇರುತ್ತದೆ. ಯಾವ ಸರ್ವೆ ನಂಬರು ಎಲ್ಲಿದೆ, ಯಾರದು ಅಂತ ಅದರಲ್ಲಿ ಇದೆ. ಹಾಗೇ ಯಾವ ಫೋಟೋ ಎಲ್ಲಿದೆ, ಯಾವತ್ತಿನದು, ಎಷ್ಟು ದೊಡ್ಡದು ಅಂತ ಫೋನಿನ ಪಟ್ಟಿಯಲ್ಲಿ ಇದೆ. ಇದಕ್ಕೆ ಮೀಡಿಯಾ ಸ್ಟೋರ್ ಅನ್ನುತ್ತಾರೆ. ಆ್ಯಪ್ ದಾರಿ ಹುಡುಕಿಕೊಂಡು ಅಲೆಯಬೇಕಿಲ್ಲ. ಈ ಪಟ್ಟಿಯನ್ನು ಕೇಳಿದರೆ ಸಾಕು.

ಪಟ್ಟಿ ಏನು ಕೊಡುತ್ತದೆ? ಒಂದು ಚೀಟಿ ಕೊಡುತ್ತದೆ. ರೇಷನ್ ಅಂಗಡಿಯಲ್ಲಿ ಚೀಟಿ ತೋರಿಸಿದರೆ ಅಕ್ಕಿ ಸಿಗುತ್ತದೆ. ಗೋದಾಮಿನ ಬಾಗಿಲು ನಮಗೆ ತೆರೆದಿರುವುದಿಲ್ಲ. ಹಾಗೇ ಆ್ಯಪ್ ಚೀಟಿ ತೋರಿಸಿ ಒಂದು ಫೋಟೋ ಪಡೆಯುತ್ತದೆ. ಈ ಚೀಟಿಗೆ ಯುಆರ್‌ಐ ಅಂತ ಹೆಸರು.

ಇದರಿಂದಲೇ ಒಂದು ಒಳ್ಳೆಯ ಅನುಕೂಲ ಬಂದಿದೆ. ಅದಕ್ಕೆ ಫೋಟೋ ಪಿಕರ್ ಅನ್ನುತ್ತಾರೆ. ಅಂದರೆ ಫೋಟೋ ಆರಿಸುವ ತಟ್ಟೆ. ಆ್ಯಪಿಗೆ ಒಂದು ಫೋಟೋ ಬೇಕು. ಆಗ ಫೋನೇ ತಟ್ಟೆಯಲ್ಲಿ ಫೋಟೋಗಳನ್ನು ನಮ್ಮ ಮುಂದೆ ಇಡುತ್ತದೆ. ನಾವು ಒಂದನ್ನು ಮುಟ್ಟುತ್ತೇವೆ. ಆ ಒಂದಕ್ಕೆ ಮಾತ್ರ ಚೀಟಿ ಹೋಗುತ್ತದೆ. ತಟ್ಟೆಯಲ್ಲಿ ಉಳಿದದ್ದು ಆ್ಯಪಿಗೆ ಕಾಣುವುದೇ ಇಲ್ಲ. ಇದಕ್ಕೆ "ಅಲೋ" ಒತ್ತುವುದೂ ಬೇಡ.

ಈ ಚೀಟಿಗೆ ಕಾಲಮಿತಿ ಇರುತ್ತದೆ. ಫೋನು ಆರಿಸಿ ಹಚ್ಚಿದರೆ ಚೀಟಿ ನಡೆಯದೆ ಹೋಗಬಹುದು. ಆದ್ದರಿಂದ ಒಳ್ಳೆಯ ಆ್ಯಪ್ ಮಾಡುವವರು ಬಹಳ ದಿನ ಬೇಕಾದ ಫೋಟೋದ ನಕಲನ್ನು ಆ್ಯಪಿನ ಟ್ರಂಕಿನಲ್ಲಿ ಇಡುತ್ತಾರೆ. ಇಲ್ಲವೇ ಚೀಟಿಯನ್ನು ಉಳಿಸಿಕೊಡು ಅಂತ ಫೋನನ್ನು ಕೇಳುತ್ತಾರೆ. ಹೀಗೆ ಮಾಡದಿದ್ದರೆ ನಿನ್ನೆ ಕಂಡ ಫೋಟೋ ಇವತ್ತು ಆ್ಯಪಿನಲ್ಲಿ ಖಾಲಿ ಚೌಕವಾಗಿ ಕಾಣುತ್ತದೆ. ಆಗ ನಾವು ಏನೋ ತಪ್ಪು ಒತ್ತಿದೆವು ಅಂತ ಹೆದರುತ್ತೇವೆ. ತಪ್ಪು ನಮ್ಮದಲ್ಲ.

ಕ್ಯಾಮೆರಾ ಬೇರೆ, ಫೋಟೋ ಬೇರೆ

ಕ್ಯಾಮೆರಾದ ಅಪ್ಪಣೆ ಅಂದರೆ ಹೊಸ ಫೋಟೋ ತೆಗೆಯುವುದಕ್ಕೆ. ಫೋಟೋಗಳ ಅಪ್ಪಣೆ ಅಂದರೆ ಹಳೆಯ ಫೋಟೋ ನೋಡುವುದಕ್ಕೆ. ಎರಡೂ ಒಂದೇ ಅಲ್ಲ.

ಬ್ಯಾಂಕಿನವರಿಗೆ ನಮ್ಮ ಮುಖದ ಫೋಟೋ ಬೇಕು ಅನ್ನಿ. ಅದಕ್ಕೆ ಕ್ಯಾಮೆರಾ ಸಾಕು. ಹಳೆಯ ಫೋಟೋ ಯಾಕೆ ಬೇಕು? ಬಳೆ ಮಾರುವವನು ಜಗಲಿಯ ಮೇಲೆ ಕೂತು ಬಳೆ ತೊಡಿಸುತ್ತಾನೆ. ಟ್ರಂಕಿನ ಬೀಗದ ಕೈ ಕೇಳಿದರೆ ಕೊಡುತ್ತೇವೆಯೇ?

ಕ್ಯಾಮೆರಾ, ಮೈಕು, ನಾವಿರುವ ಜಾಗ ಇವನ್ನು ಕೇಳಿದಾಗ "ಈ ಬಾರಿ ಮಾತ್ರ" ಅನ್ನುವ ಆಯ್ಕೆ ಇರುತ್ತದೆ. ಇದು 2020ರ ಆಂಡ್ರಾಯ್ಡ್ 11ರಿಂದ ಬಂದಿದೆ. ಅನುಮಾನ ಇದ್ದಾಗ ಅದನ್ನೇ ಒತ್ತಿ. ಕೆಲಸ ಮುಗಿದ ಮೇಲೆ ಬಾಗಿಲು ತಾನೇ ಮುಚ್ಚುತ್ತದೆ.

ಸಾಲದ ಆ್ಯಪಿನ ಬಲೆ

ಇಷ್ಟೆಲ್ಲಾ ಯಾಕೆ ತಿಳಿಯಬೇಕು? ಯಾಕೆಂದರೆ ಇದರಲ್ಲಿ ನಮ್ಮ ಮಾನದ ಪ್ರಶ್ನೆ ಇದೆ.

ಕೆಲವು ಆ್ಯಪ್‌ಗಳು ಐದು ನಿಮಿಷದಲ್ಲಿ ಸಾಲ ಕೊಡುತ್ತೇವೆ ಅನ್ನುತ್ತವೆ. ಕಾಗದ ಬೇಡ, ಜಾಮೀನು ಬೇಡ ಅನ್ನುತ್ತವೆ. ಫೋಟೋ ನೋಡಲು ಅಪ್ಪಣೆ ಕೇಳುತ್ತವೆ. ಫೋನ್ ನಂಬರುಗಳ ಪಟ್ಟಿಗೂ ಅಪ್ಪಣೆ ಕೇಳುತ್ತವೆ. ಮಗುವಿಗೆ ಜ್ವರ, ಕೈಯಲ್ಲಿ ಕಾಸಿಲ್ಲ ಅನ್ನುವ ಹೊತ್ತಿನಲ್ಲಿ ನಾವು ಎಲ್ಲಕ್ಕೂ "ಅಲೋ" ಒತ್ತುತ್ತೇವೆ. ಅಷ್ಟರಲ್ಲಿ ಫೋಟೋಗಳ ನಕಲು ಅವರ ಕಂಪ್ಯೂಟರಿಗೆ ಹೋಗಿರುತ್ತದೆ.

ಕಂತು ಒಂದು ದಿನ ತಡವಾದರೆ ಬೆದರಿಕೆ ಶುರು. ನಮ್ಮ ಮುಖವನ್ನು ಕೆಟ್ಟ ಚಿತ್ರಕ್ಕೆ ಅಂಟಿಸುತ್ತಾರೆ. ನೆಂಟರಿಗೆ, ನೆರೆಯವರಿಗೆ ಕಳಿಸುತ್ತೇವೆ ಅನ್ನುತ್ತಾರೆ. ದೇಶದ ಎಷ್ಟೋ ಕಡೆ ಹೀಗೆ ನಡೆದಿದೆ. ಹೆದರಿ ಪ್ರಾಣ ಕಳೆದುಕೊಂಡವರೂ ಇದ್ದಾರೆ.

ಇದನ್ನು ತಡೆಯಲು ನಿಯಮ ಬಂದಿದೆ. 2022ರ ಸೆಪ್ಟೆಂಬರ್ 2ರಂದು ರಿಸರ್ವ್ ಬ್ಯಾಂಕು ಒಂದು ಕಟ್ಟಪ್ಪಣೆ ಮಾಡಿತು. ಬ್ಯಾಂಕು, ಫೈನಾನ್ಸ್ ಕಂಪನಿಗಳ ಸಾಲದ ಆ್ಯಪ್‌ಗಳು ನಮ್ಮ ಫೋಟೋ, ಫೈಲು, ಫೋನ್ ನಂಬರುಗಳ ಪಟ್ಟಿ, ಕರೆಗಳ ಪಟ್ಟಿ ಇವನ್ನು ಮುಟ್ಟಬಾರದು ಅಂತ ಹೇಳಿತು. ಸಾಲ ಕೊಡುವ ಮುಂಚೆ ಗುರುತು ನೋಡಲು ಕ್ಯಾಮೆರಾ ಬೇಕಾದರೆ ಒಂದೇ ಸಲಕ್ಕೆ, ನಮ್ಮನ್ನು ಕೇಳಿ ಪಡೆಯಬೇಕು. 2025ರ ಮೇ ತಿಂಗಳಲ್ಲಿ ಹೊರಡಿಸಿದ ನಿರ್ದೇಶನದಲ್ಲೂ ಇದೇ ಮಾತು ಇದೆ. ಗೂಗಲ್ ಕಂಪನಿ ಕೂಡ 2023ರ ಮೇ 31ರಿಂದ ಪ್ಲೇ ಸ್ಟೋರಿನ ಸಾಲದ ಆ್ಯಪ್‌ಗಳು ಫೋಟೋ ಮತ್ತು ನಂಬರು ನೋಡಬಾರದು ಅಂತ ನಿಯಮ ಮಾಡಿದೆ.

ಹಾಗಾದ್ರೆ ಗುರುತು ಸುಲಭ. ಸಾಲದ ಆ್ಯಪ್ ಫೋಟೋಗಳ ಅಪ್ಪಣೆ ಕೇಳಿತೇ? ಅದು ನಿಯಮ ಮುರಿಯುತ್ತಿದೆ ಅಂತಲೇ ಅರ್ಥ. ಅಲ್ಲಿಂದ ಎದ್ದುಬನ್ನಿ.

ಇನ್ನೊಂದು ಬಲೆ ಇದೆ. ಮದುವೆ ಕರೆಯೋಲೆ ಅಂತ ವಾಟ್ಸಾಪಿನಲ್ಲಿ ಒಂದು ಫೈಲು ಬರುತ್ತದೆ. ಅದರ ಹೆಸರಿನ ಕೊನೆಯಲ್ಲಿ ಎಪಿಕೆ ಅಂತ ಇಂಗ್ಲಿಷಿನ ಮೂರು ಅಕ್ಷರ ಇರುತ್ತದೆ. ಎಪಿಕೆ ಅಂದರೆ ಕರೆಯೋಲೆ ಅಲ್ಲ, ಅದು ಆ್ಯಪ್. ಅದನ್ನು ತೆರೆಯಬೇಡಿ.

ನಾವು ಏನು ಮಾಡಬೇಕು?

1. ಸೆಟ್ಟಿಂಗ್ಸ್ ತೆರೆಯಿರಿ. "ಆ್ಯಪ್‌ಗಳು" ಅನ್ನುವುದನ್ನು ಒತ್ತಿ. ಒಂದು ಆ್ಯಪ್ ಆರಿಸಿ. "ಅನುಮತಿಗಳು" ಅನ್ನುವುದನ್ನು ಒತ್ತಿ. ಏನೇನು ಕೊಟ್ಟಿದ್ದೀರಿ ಅಂತ ಅಲ್ಲಿ ಕಾಣುತ್ತದೆ.

2. "ಫೋಟೋಗಳು ಮತ್ತು ವೀಡಿಯೊಗಳು" ಅಂತ ಇದ್ದರೆ ಒತ್ತಿ. ಬೇಡವಾದರೆ "ಅನುಮತಿಸಬೇಡಿ" ಒತ್ತಿ. ಹಳೆಯ ಫೋನಿನಲ್ಲಿ ಇದಕ್ಕೆ "ಸ್ಟೋರೇಜ್" ಅಥವಾ "ಫೈಲ್‌ಗಳು ಮತ್ತು ಮಾಧ್ಯಮ" ಅಂತ ಹೆಸರು ಇರಬಹುದು.

3. ಟಾರ್ಚ್ ಹಚ್ಚುವ ಆ್ಯಪ್, ಪಂಚಾಂಗದ ಆ್ಯಪ್, ಆಟದ ಆ್ಯಪ್ ಇವಕ್ಕೆ ನಮ್ಮ ಫೋಟೋ ಬೇಕಾ? ನೀವೇ ಯೋಚಿಸಿ.

4. ಆಧಾರ್, ಪಾಸ್ ಪುಸ್ತಕದ ಫೋಟೋ ಕೆಲಸ ಮುಗಿದ ಮೇಲೆ ಅಳಿಸಿ. ಅಳಿಸಿದ ಫೋಟೋ ಕೆಲವು ದಿನ ಕಸದ ಬುಟ್ಟಿಯಲ್ಲಿ ಇರುತ್ತದೆ. ಬುಟ್ಟಿಯನ್ನೂ ಖಾಲಿ ಮಾಡಿ.

5. ಫೋಟೋವನ್ನು ಗ್ಯಾಲರಿಯಲ್ಲಿ ಕಾಣದ ಹಾಗೆ ಮಾಡಿದರೆ ಬೀಗ ಹಾಕಿದಂತೆ ಅಲ್ಲ. ಅದು ಸೆರಗಿನಿಂದ ಮುಚ್ಚಿದ ಹಾಗೆ ಅಷ್ಟೇ. ಎಷ್ಟೋ ಫೋನುಗಳಲ್ಲಿ ಬೀಗದ ಫೋಲ್ಡರ್ ಬೇರೆಯೇ ಇರುತ್ತದೆ. ಅದನ್ನು ಬಳಸಿ.

6. ಈಗ ಅಪ್ಪಣೆ ವಾಪಸ್ ತೆಗೆದುಕೊಂಡರೆ ಮುಂದೆ ಆ್ಯಪ್ ನೋಡಲಾರದು. ಆದರೆ ಮೊದಲೇ ಹೊರಗೆ ಹೋದ ನಕಲು ಹಿಂದಕ್ಕೆ ಬಾರದು. ಆದ್ದರಿಂದ ಕೊಡುವ ಮುಂಚೆಯೇ ಓದಬೇಕು.

ಕಾನೂನು ನಮ್ಮ ಜೊತೆ ಇದೆ

ನಮ್ಮ ಖಾಸಗಿ ಬದುಕು ನಮ್ಮದು. ಈ ಮಾತನ್ನು ಸುಪ್ರೀಂ ಕೋರ್ಟು ಹೇಳಿದೆ. ಆ ಕೇಸು ಹಾಕಿದವರು ನಮ್ಮ ಕರ್ನಾಟಕದವರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು. 2012ರಲ್ಲಿ ಅವರು ಕೋರ್ಟಿಗೆ ಹೋದಾಗ ಅವರ ವಯಸ್ಸು 80 ದಾಟಿತ್ತು. 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು. ಖಾಸಗಿತನ ಪ್ರತಿಯೊಬ್ಬರ ಮೂಲಭೂತ ಹಕ್ಕು ಅಂದರು. ಓದು ಬಂದವರಿಗೂ ಅದೇ ಹಕ್ಕು. ಬಾರದವರಿಗೂ ಅದೇ ಹಕ್ಕು.

2023ರಲ್ಲಿ ಸಂಸತ್ತು ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಮಾಡಿತು. ಕೊಟ್ಟ ಒಪ್ಪಿಗೆಯನ್ನು ವಾಪಸ್ ಪಡೆಯುವ ಹಕ್ಕು ಅದರಲ್ಲಿ ಇದೆ. ಅಶ್ಲೀಲ ಚಿತ್ರವನ್ನು ಫೋನಿನಲ್ಲಿ ಹರಡುವುದು ಅಪರಾಧ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ನೇ ಕಲಂ ಪ್ರಕಾರ, ಮೊದಲ ಸಲದ ತಪ್ಪಿಗೇ 3 ವರ್ಷದವರೆಗೆ ಜೈಲು ಮತ್ತು 5 ಲಕ್ಷ ರೂಪಾಯಿವರೆಗೆ ದಂಡ ಇದೆ.

ಯಾರಾದರೂ ಫೋಟೋ ಇಟ್ಟುಕೊಂಡು ಹೆದರಿಸಿದರೆ ಹಣ ಕಳಿಸಬೇಡಿ. ಒಮ್ಮೆ ಕೊಟ್ಟರೆ ಮತ್ತೆ ಕೇಳುತ್ತಾರೆ. ಅವರ ಸಂದೇಶ ಅಳಿಸಬೇಡಿ, ಅದೇ ಸಾಕ್ಷಿ. ಅದರ ಸ್ಕ್ರೀನ್‌ಶಾಟ್ ತೆಗೆದಿಡಿ. ಹಣ ಹೋಗಿದ್ದರೆ ಕೂಡಲೇ 1930ಕ್ಕೆ ಫೋನ್ ಮಾಡಿ. ಅಪಾಯ ಇದ್ದರೆ 112ಕ್ಕೆ ಮಾಡಿ. ಹತ್ತಿರದ ಪೊಲೀಸ್ ಠಾಣೆಗೆ ಸಂಘದ ನಾಲ್ಕು ಜನ ಒಟ್ಟಿಗೆ ಹೋಗಿ. ನಾಚಿಕೆಪಡಬೇಕಾದವರು ನಾವಲ್ಲ, ಹೆದರಿಸಿದವರು.

ನಾಳೆ ನಮ್ಮ ಮಗಳು ಆ್ಯಪ್ ಮಾಡಿದರೆ

ಆ್ಯಪ್ ಮಾಡುವವರು ಬೇರೆ ಲೋಕದವರಲ್ಲ. ನಾಳೆ ನಮ್ಮ ಮಗಳೇ ಮಾಡಬಹುದು. ಆಗ ಅವಳಿಗೆ ನಾವು ಈ ಮಾತು ಹೇಳೋಣ.

ಬೇಕಾದಷ್ಟೇ ಕೇಳು ಮಗಳೇ. ಒಂದು ಫೋಟೋ ಬೇಕಾದರೆ ತಟ್ಟೆಯಿಂದ ಒಂದನ್ನೇ ಕೇಳು, ಇಡೀ ಮನೆಯ ಕೈ ಕೇಳಬೇಡ. ಕೇಳುವ ಮುಂಚೆ ಯಾಕೆ ಬೇಕು ಅಂತ ಕನ್ನಡದಲ್ಲಿ ಹೇಳು. ಬೇಡ ಅಂದವರಿಗೂ ಉಳಿದ ಕೆಲಸ ಮಾಡಿಕೊಡು. ದಾರಿಯನ್ನು ಊಹಿಸಿ ಬರೆಯಬೇಡ, ಫೋನಿನ ಪಟ್ಟಿಯನ್ನು ಕೇಳು. ಜನರಿಗೆ ಬೇಕಾದ ಫೋಟೋವನ್ನು ನಡುಮನೆಯಲ್ಲಿ ಇಡು. ಆ್ಯಪ್ ಹೋದರೂ ಅವರ ಫೋಟೋ ಉಳಿಯಲಿ.

ಓದಿ, ಯೋಚಿಸಿ, ಹೇಳಿ

1. ಗ್ಯಾಲರಿ ಕೋಣೆಯೋ, ಕಿಟಕಿಯೋ?
2. ಆ್ಯಪ್ ತೆಗೆದುಹಾಕಿದರೆ ಯಾವ ಫೋಟೋ ಹೋಗುತ್ತದೆ? ಯಾವುದು ಉಳಿಯುತ್ತದೆ?
3. ಫೋಟೋದ ಹೆಸರಿನಲ್ಲಿ 20240126 ಅಂತ ಇದೆ. ಅದು ಯಾವ ದಿನ?
4. ಸಾಲದ ಆ್ಯಪ್ ಫೋಟೋಗಳ ಅಪ್ಪಣೆ ಕೇಳಿದರೆ ಏನು ಮಾಡುತ್ತೀರಿ?
5. ಇವತ್ತು ಮನೆಗೆ ಹೋಗಿ ನಿಮ್ಮ ಫೋನಿನ ಮೂರು ಆ್ಯಪ್‌ಗಳ ಅನುಮತಿ ನೋಡಿ. ಕಂಡದ್ದನ್ನು ಹಾಳೆಯಲ್ಲಿ ಬರೆದುಕೊಂಡು ಬನ್ನಿ. ನಾಳೆ ಕೇಂದ್ರದಲ್ಲಿ ಎಲ್ಲರೂ ಕೂತು ಮಾತಾಡೋಣ.